ಡ್ರ್ಯಾಗನ್ ಬಾಯಿ ಬಿಟ್ಟರೆ

ಅಂಗುಲೇಮ್ ಊರಿನ ಕಾಮಿಕ್ಸ್ ಹಬ್ಬದಲ್ಲಿ ಪುಸ್ತಕದೊಳಗೆ ಚಿತ್ರ ಬರೆಸಿಕೊಳ್ಳುವ ಸಾಲೆಂದರೆ, ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ನಿಂತವರು ಚಿತ್ರಗಾರರ ಮೇಜು ಮುಟ್ಟುವಷ್ಟರಲ್ಲಿ ಅದು ಮತ್ತೆ ಬೆಳೆದು ಎದೆಗಿಳಿದಿರುತ್ತದೆ. ಅಭಿಮಾನಿ ಅರ್ಮೆಲ್ ಸಾಲಿನಲ್ಲಿ ಎರಡನೆಯವಳಾಗುವ ಹೊತ್ತಿಗೆ ಅವಳ ಮಡಚುವ ಕುರ್ಚಿಗೇ ಬೆನ್ನುನೋವು ಬಂದಿತ್ತು. ಮುಂದಿದ್ದ ಸೂಟಿನವನ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಸಿನಿಮಾದ ಚಿತ್ರಕಥೆಯ ಕಟ್ಟು, ಕರಾರುಪತ್ರ ಇದ್ದವು.

"ನೀವು ಫೋನ್ ಎತ್ತಲ್ಲ, ಅದಕ್ಕೇ ಸಾಲಲ್ಲಿ ನಿಂತೆ ಮೇಡಂ. ಸಿನಿಮಾ ನಿಮ್ಮ ಪುಸ್ತಕದ ಹಾಗೇ ಇರುತ್ತೆ. ಒಂದು ಗೆರೆ ಆಚೀಚೆ ಇಲ್ಲ."

ಚಿತ್ರಗಾರ್ತಿ ಗ್ವೆನೊಲಾ ಕಟ್ಟನ್ನು ತಿರುವಿದರು.

"ಇದೇನು, ಡ್ರ್ಯಾಗನ್ ಮಾತಾಡ್ತಿದೆ?"

"ಸ್ವಲ್ಪ."

"ನಲವತ್ತು ಪುಟ!"

"ಜೋಕೂ ಹೇಳುತ್ತೆ ಮೇಡಂ. ಮಕ್ಕಳಿಗೆ ಇಷ್ಟ ಆಗುತ್ತೆ."

"ಹನ್ನೆರಡು ಸಂಪುಟ ಬರೆದೆ ಮಹಾರಾಯ, ಅದು ತುಟಿ ಬಿಚ್ಚಿಲ್ಲ. ಅದರ ಮನಸ್ಸಲ್ಲಿ ಏನಿದೆ ಅಂತ ನಾಯಕಿ ಒದ್ದಾಡೋದೇ ಕಥೆ. ಓದಿದೀರಾ?"

"ಸಾರಾಂಶ ಓದಿದೀನಿ."

ಅರ್ಮೆಲ್ ಹಲ್ಲು ಕಡಿದ ಸದ್ದಿಗೆ ಪಕ್ಕದ ಮಳಿಗೆಯ ಗಾಜು ಅದುರಿತು.

"ಅದು ಬಾಯಿ ಬಿಟ್ಟರೆ ಪರದೆ ಮೇಲಿಂದ ನನ್ನ ಹೆಸರು ತೆಗೀರಿ," ಎಂದರು ಗ್ವೆನೊಲಾ.

"ನಿಮ್ಮ ಹೆಸರಿಲ್ಲದೆ ಯಾರು ನೋಡ್ತಾರೆ?"

"ಹಾಗಾದ್ರೆ ಅದರ ಬಾಯಿ ಮುಚ್ಚಿಸಿ."

"ಅದರ ದನಿಗೆ ಅಂತ ಅಷ್ಟು ದೊಡ್ಡ ನಟರೊಬ್ಬರನ್ನ ಗೊತ್ತುಮಾಡಿ ಆಗಿದೆ! ಅವರು ಬಂದು ಏನು ಮಾಡ್ಬೇಕು?"

"ಉಸಿರಾಡಲಿ."

ಗ್ವೆನೊಲಾ ಒಂದೊಂದೇ ಪುಟಕ್ಕೆ ಕುಂಚದಿಂದ ಅಡ್ಡಗೆರೆ ಎಳೆದರು. ನಲವತ್ತೂ ಮುಗಿದ ಮೇಲೆ ಕರಾರಿಗೆ ಸಹಿ ಬಿತ್ತು. ಅವನು ಒದ್ದೆ ಕಟ್ಟನ್ನು ಎದೆಯಿಂದ ದೂರ ಹಿಡಿದು, ಫೋನು ಕಿವಿಗಿಟ್ಟು ಬಾಗಿಲ ಕಡೆ ನಡೆದ.

"ಸರ್, ಒಳ್ಳೆ ಸುದ್ದಿ! ನೀವು ಒಂದು ಮಾತೂ ಬಾಯಿಪಾಠ ಮಾಡೋದು ಬೇಡ..."