ಚೆಲ್ಲದ ಬಟ್ಟಲು ನೀರು

ಇದು ಯಾರೋ ಎಲ್ಲೋ ಕೇಳಿಬಂದ ಕತೆಯಲ್ಲ. ಬಸ್ರಾದ ನಮ್ಮ ಓಣಿಯಲ್ಲೇ, ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ನಡೆದದ್ದು.

ಮುಹನ್ನದ್ ಅವತ್ತು ತಡವಾಗಿ ಮನೆಗೆ ಬರುತ್ತಿದ್ದ. ಕಂಕುಳಲ್ಲಿ ಕೂಲರಿನ ಹೊಸ ಪಂಪು. ಓಣಿಯ ತಿರುವಿನಲ್ಲಿ ಪಾಳುಬಾವಿ, ಅದರ ಮೇಲೆ ಬಾಗಿದ ಎಲಚಿ ಮರ. ಆ ಮರದ ಕೆಳಗೆ ಕತ್ತಲಾದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಅಲ್ಲಿ ಅವನ ಹಿಂದೆ ಸದ್ದು ಬಂತು... ಚರಕ್... ಚರಕ್... ಹಿಮ್ಮಡಿ ಸವೆದ ಚಪ್ಪಲಿ ಎಳೆದು ನಡೆಯುವ ಸದ್ದು. ಅವನ ಅಣ್ಣ ಗಜ್ವಾನ್ ಹಾಗೇ ನಡೆಯುತ್ತಿದ್ದ. ಮುಹನ್ನದ್ ತಿರುಗಿ ನೋಡಲಿಲ್ಲ. ಧೈರ್ಯವಂತ ಅಂತಲ್ಲ. ಅಣ್ಣ ಸತ್ತ ಮೇಲೆ ಅವನಿಗೆ ಹೆದರಿಕೆಯೂ ಆಗುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಒಳಗೆಲ್ಲ ಮರಗಟ್ಟಿ ಹೋಗಿತ್ತು.

ಗಜ್ವಾನ್ ಇದ್ದಾಗ ಓಣಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಅವನಿಗೇ ಕರೆ. ಎಡಚ. ಮುಂದಿನ ಹಲ್ಲೊಂದು ಇರಲಿಲ್ಲ, ಆದರೂ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದ. ನಮ್ಮಲ್ಲಿ ಕರೆಂಟು ಎರಡು: ಸರ್ಕಾರದ್ದೊಂದು, ಓಣಿಯ ಜನರೇಟರಿನದೊಂದು. ಅದು ಹೋದರೆ ಇದು. ಸರ್ಕಾರದ್ದು ಹೋಗಿದೆಯಲ್ಲ ಅಂತ ಗಜ್ವಾನ್ ಯಾರದೋ ಮನೆಯಲ್ಲಿ ಬರಿಗೈಯಲ್ಲಿ ವೈರು ಹಿಡಿದ. ಅಷ್ಟರಲ್ಲಿ ಜನರೇಟರು ಗುಡುಗಿತು. ಆನೆಯಂಥದೂ ಮುಗ್ಗರಿಸುತ್ತದೆ ಅನ್ನುವುದು ಸುಳ್ಳಲ್ಲ.

ಮುಹನ್ನದ್ ಮನೆಗೆ ಬಂದಾಗ ತಾಯಿ ಚಾಪೆಯ ಮೇಲೆ ಕೂತಿದ್ದಳು. ಸೆಕೆಗೆ ಅವಳ ಉಸಿರು ಗೊರಗುಟ್ಟುತ್ತಿತ್ತು.

"ಯೊಮ್ಮಾ, ಇನ್ನೂ ಮಲಗ್ಲಿಲ್ವಾ?"

"ಈ ಧಗೇಲಿ ಯಾವ ನಿದ್ದೆ. ನಿಂಗೆ ಬರತ್ತೇನೋ ಇದು? ಅವ್ನು ಸ್ಕ್ರೂ ಬಿಚ್ಚಿಟ್ರೆ ನೀನು ಕಳೀತಿದ್ದೆ."

"ಪಕ್ಕದಲ್ಲೇ ಕೂತು ನೋಡಿದೀನಲ್ಲ. ಬರತ್ತೆ."

ಮುಹನ್ನದ್ ಕೂಲರಿನ ಮುಚ್ಚಳ ತೆಗೆದ. ಹುಲ್ಲು ಒಣಗಿ ಉಪ್ಪು ಕಟ್ಟಿತ್ತು. ಸ್ವಿಚ್ಚು ಆರಿಸಲು ಏಳಬೇಕು ಅನ್ನುವಷ್ಟರಲ್ಲಿ ಸರ್ಕಾರದ ಕರೆಂಟೇ ಹೋಯಿತು. ಒಳ್ಳೆಯದೇ ಆಯಿತು ಅಂದುಕೊಂಡ. ಹಳೆ ಪಂಪು ಕಿತ್ತು ವೈರಿಗೆ ಬರಿಗೈ ಚಾಚಿದ...

ಬಾಗಿಲ ಬಳಿ ಟಕ್ ಎಂದಿತು. ಜನರೇಟರ್ ಲೈನಿನ ಸ್ವಿಚ್ಚು ಆರಿದ ಸದ್ದು.

ಮರುಕ್ಷಣ ಹೊರಗೆ ದಡ್ ದಡ್ ದಡ್... ಜನರೇಟರು ಎದ್ದಿತು. ಓಣಿಯ ಕಿಟಕಿಗಳೆಲ್ಲ ಬೆಳಗಿದವು. ಅವನ ಮನೆ ಮಾತ್ರ ಕತ್ತಲು. ಅವನ ಬೆರಳಲ್ಲಿದ್ದ ತಂತಿ ಸುಮ್ಮನಿತ್ತು.

"ಯೊಮ್ಮಾ... ಸ್ವಿಚ್ಚು ಆರಿಸಿದ್ಯಾ?"

"ನಾನು ಕೂತಲ್ಲೇ ಇದೀನಿ." ತಾಯಿ ಪಿಸುಗುಟ್ಟಿದಳು. "ಅವ್ನ ಜನಾಜಾ ಹೊರಟಾಗ... ಅಭ್ಯಾಸ ನೋಡು... ಹಿಂದೆ ಒಂದು ಬಟ್ಟಲು ನೀರು ಚೆಲ್ಲಿಬಿಟ್ಟೆ ಕಣೋ."

ಪ್ರಯಾಣ ಹೊರಟವರ ಹಿಂದೆ ನಮ್ಮ ತಾಯಂದಿರು ನೀರು ಚೆಲ್ಲುತ್ತಾರೆ, ತಿರುಗಿ ಬರಲಿ ಎಂದು. ಹೆಣದ ಹಿಂದೆ ಯಾರೂ ಚೆಲ್ಲುವುದಿಲ್ಲ.

"ಬಂದಿದಾನೆ" ಅಂದಳು. "ಕೈ ತೆಗಿ. ಅವ್ನಿಗೆ ಬಿಡು."

ಮುಹನ್ನದ್ ಕೈ ತೆಗೆದ. ಕತ್ತಲಲ್ಲಿ ಕಿರ್ರ್... ಕಟ್. ಥೂ ಎಂದು ಸಿಪ್ಪೆ ಉಗುಳಿದ ಸದ್ದು. ತಂತಿ ಹೊಸೆದ ಸದ್ದು. ಬಾಗಿಲ ಬಳಿ ಮತ್ತೆ ಟಕ್... ದೀಪ ಹತ್ತಿತು, ಕೂಲರು ಗುಂಯ್ ಎಂದಿತು, ಹುಲ್ಲಿಗೆ ನೀರು ತೊಟತೊಟ ಇಳಿಯಿತು. ಅಲ್ಲಿ ಯಾರೂ ಇರಲಿಲ್ಲ. ಚಪ್ಪಲಿಯ ಸದ್ದು ಮಾತ್ರ ಹೊರಗೆ ನಡೆಯಿತು. ಚರಕ್... ಚರಕ್...

ತಾಯಿ ಎದ್ದು ಬಟ್ಟಲು ತುಂಬಿಸಿ ಹೊಸಿಲಲ್ಲಿ ನಿಂತಳು. ಚೆಲ್ಲಿದರೆ ಮತ್ತೆ ಬರುತ್ತಾನೆ.

"ಅಲೆದಿದ್ದು ಸಾಕು ಮಗನೇ" ಅಂದಳು. "ಹೋಗು, ಮಲಕ್ಕೋ."

ನೀರನ್ನು ತಾನೇ ಕುಡಿದಳು. ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಕುಡಿದಳು.

ಚಪ್ಪಲಿಯ ಸದ್ದು ಎಲಚಿ ಮರದವರೆಗೆ ಕೇಳಿಸಿತು. ಆಮೇಲೆ ಇಲ್ಲ... ಮತ್ತೆ ಯಾವತ್ತೂ ಇಲ್ಲ.

ಬೆಳಿಗ್ಗೆ ಆ ವೈರನ್ನು ನಾನೇ ಕಣ್ಣಾರೆ ನೋಡಿದೆ. ಮುಹನ್ನದ್ ಬಲಗೈಯವನು, ತಂತಿ ಎಡಗೈಯಲ್ಲಿ ಹೊಸೆದ ಹಾಗೆ ಎಡಕ್ಕೆ ತಿರುಗಿತ್ತು. ಸಿಪ್ಪೆಯ ಅಂಚಿನಲ್ಲಿ ಹಲ್ಲಿನ ಗುರುತು, ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ. ಕೂಲರು ಈಗಲೂ ಓಡುತ್ತಿದೆ. ಅನುಮಾನ ಇದ್ದವರು ಬಂದು ಮುಚ್ಚಳ ತೆಗೆದು ನೋಡಬಹುದು... ಮೊದಲು ಎರಡೂ ಸ್ವಿಚ್ಚು ಆರಿಸಿ.