ಬಾಡಿಗೆ ದನಿ

…ಬಾಗಿಲು ಹಾಕು ಫರ್ಗಲ್, ಮೊದಲು ಬಾಗಿಲು ಹಾಕು. ಅವಳು ಇನ್ನೂ ಹೊರಗೇ ನಿಂತಿದ್ದಾಳಾ, ಆ ಲಂಡನ್ ಮಹಾರಾಣಿ? ಕ್ಯಾಮೆರಾ ಆರಿದ ಮೇಲೆ ನನ್ನ ಕೈ ಕುಲುಕಿದಳು ಕಣೋ! ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ ಚರ್ಮ ಸುಲಿದು, ಆಮೇಲೆ 'ತುಂಬಾ ಚೆನ್ನಾಗಿ ಬಂತು ಮಿಸ್ಟರ್ ಡೆವೆನಿ' ಅಂತೆ. ಚೆನ್ನಾಗಿ ಬಂತಂತೆ!… ಯಾಕೆ ನಗ್ತೀಯ? ಓ, ನಗಲಿಲ್ವಾ. ಕೆಮ್ಮಿದೆಯೇನೋ.

ಕೂತ್ಕೋ. ಅಯ್ಯೋ, ಕೂತ್ಕೋ ಮಾರಾಯ, ಐದು ನಿಮಿಷ. ದನಿ ಕೊಡೋಕೆ ನಿನ್ನ ಒಳಗೆ ಕರೆಯೋದು ಐದೂವರೆಗೆ ತಾನೆ? ಏಳಕ್ಕೆ ಪ್ರಸಾರ. ನನಗೆ ಗೊತ್ತಿಲ್ವಾ! ಐದು ವರ್ಷ ಆಯ್ತು. ಈ ಡೆವೆನಿ ಮುಖ ಟೀವೀಲಿ ಬರಬಹುದು, ಅವನ ಮಾತೂ ಬರಬಹುದು, ಅವನ ದನಿ ಮಾತ್ರ ಬರಕೂಡದು ಅಂತ ಸರ್ಕಾರ ಅಪ್ಪಣೆ ಕೊಡಿಸಿ ಐದು ವರ್ಷ. ಬ್ರಿಟಿಷರು ಐರ್ಲೆಂಡ್ ಬಿಟ್ಟು ಹೋಗಲಿ ಅಂದೋರಿಗೆಲ್ಲ ಅದೇ ಮರ್ಯಾದೆ! ನಾನು ಬಾಯಿ ಆಡಿಸೋದು, ನನ್ನ ಮಾತನ್ನ ನಟ ನೀನು ನಿನ್ನ ದನೀಲಿ ಹೇಳೋದು. ನೆನಪಿದೆಯಾ, ಚಿಪ್ಸ್ ಅಂಗಡೀಲಿ ಒಬ್ಬಳು ನನ್ನ ನೋಡಿ 'ಶೀತ ಆಗಿದೆಯಾ ಮ್ಯಾಲಕಿ, ಟೀವೀಲಿ ದನಿ ಇನ್ನೂ ಚೆನ್ನಾಗಿರತ್ತೆ' ಅಂದಿದ್ದು? ಆಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ ನೀನು… ಇವತ್ತು ನಗಲ್ಲ. ಇರಲಿ, ಇರಲಿ ಬಿಡು.

ನನ್ನ ಕಾರು ಬಂದಿಲ್ಲ. ಸೇತುವೆ ಹತ್ತಿರ ಬ್ರಿಟಿಷ್ ಸೈನಿಕರು ನಿಲ್ಲಿಸ್ಕೊಂಡಿದ್ದಾರಂತೆ, ಸೀಟಿನ ಕೆಳಗೆಲ್ಲ ಬಗ್ಗಿ ನೋಡ್ತಿರಬೇಕು. ಮುಂದಿನ ಗೇಟಲ್ಲಿ ಪೇಪರಿನೋರು. ಹಿಂದಿನ ಗೇಟಲ್ಲಿ ನನ್ನ ಹೆಸರಿಗೆ ಥೂ ಅನ್ನೋರು, ಬೋರ್ಡು ಹಿಡ್ಕೊಂಡು. ಈ ಕೋಣೆಗೆ ಕಿಟಕಿ ಅಂತ ಇರೋದು ಒಂದು, ಅದಕ್ಕೂ ಜಾಲರಿ. ಹೋಗೋದಾದರೂ ಎಲ್ಲಿಗೆ ನಾನು!

ಅವಳ ವರಸೆ ನೋಡಿದೆಯಾ? ಸ್ಟುಡಿಯೋ ಗಾಜಿನ ಆ ಕಡೆ ಕೂತಿದ್ದೆಯಲ್ಲ, ನೋಡಿರ್ತೀಯ. 'ನೀವು ಆ ಬಂದೂಕಿನ ಸಂಘಟನೆಯಲ್ಲಿ ಇದ್ದಿರೋ ಇಲ್ಲವೋ?' ಒಂದೇ ಪ್ರಶ್ನೆ, ಏಳು ಸಲ! ಏಳು ಸಲವೂ ಇಲ್ಲ ಅಂದೆ. ಎಂಟನೇ ಸಲ ಕೇಳಲೇ ಇಲ್ಲ, ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟಳು. ಪಾಪ, ಹೊಸಬಳು. ಮೌನ ಎಷ್ಟು ಹೊತ್ತು ಬಿಡಬೇಕು ಅಂತ ಗೊತ್ತಿಲ್ಲ. ಇನ್ನು ಹತ್ತು ಸೆಕೆಂಡು ಬಿಟ್ಟಿದ್ದರೆ… ಮನುಷ್ಯ ಏಟು ತಿಂದರೂ ತಡ್ಕೋತಾನೆ ಕಣೋ, ಎದುರಿಗಿರೋನು ಸುಮ್ಮನೆ ಕೂತರೆ ತಡೆಯೋಕಾಗಲ್ಲ. ಮೊದಲು ನೀರು ಕೊಡಬೇಕು. ಹೆಸರು ಹಿಡಿದು ಕರೀಬೇಕು, ಮೆತ್ತಗೆ. ಆಮೇಲೆ ಬಾಯಿ ಮುಚ್ಕೊಂಡು— ಏನು, ಯಾಕೆ ಹಾಗೆ ನೋಡ್ತೀಯ? ಎಲ್ಲೋ ಓದಿದ್ದು. ಅಲ್ಲ… ನನ್ನನ್ನೇ ಸೈನ್ಯದೋರು ಹಿಡ್ಕೊಂಡು ಹೋಗಿರಲಿಲ್ವಾ? ಆಗ ನೋಡಿ ಕಲಿತದ್ದು. ಹೌದು, ಆಗಲೇ.

ಸರಿ. ವಿಷಯಕ್ಕೆ ಬರ್ತೀನಿ. ನಿನ್ನ ಕೈಲಿರೋ ಆ ಕಾಗದ. ನಾಲ್ಕನೇ ಹಾಳೆ ತೆಗಿ. ಓವನ್ ಟೋನರ್ ಫೋಟೋನ ಅವಳು ಮೇಜಿನ ಮೇಲೆ ಇಟ್ಟಳಲ್ಲ, ಅಲ್ಲಿ. 'ನಿಮ್ಮ ಬೀದಿಯ ಹುಡುಗ, ಹತ್ತೊಂಬತ್ತು ವರ್ಷದ ಹಿಂದೆ ಕಾಣೆಯಾದ. ಎಲ್ಲಿದ್ದಾನೆ?' ಅಂದಳು. ನನ್ನ ಉತ್ತರ ನೋಡು, ಟೈಪ್ ಆಗಿದೆ: 'ಓವನ್ ಟೋನರ್…' ಅಂತ ಹಾಕಿ, ಒಂದು ಸಾಲು ಬರೀ ಚುಕ್ಕಿ. 'ಸರಿಯಾಗಿ ಕೇಳಿಸಲಿಲ್ಲ' ಅಂತ ಪಕ್ಕದಲ್ಲಿ. ಆಮೇಲೆ, 'ಅವನು ಇಂಗ್ಲೆಂಡಿಗೆ ಹೋದ, ಲೀಡ್ಸ್‌ನಲ್ಲಿದ್ದಾನೆ, ಎಲ್ಲರಿಗೂ ಗೊತ್ತಿರೋ ವಿಷಯ.' ಟೈಪ್ ಮಾಡಿದವಳು ಲಂಡನ್ ಹುಡುಗಿ. ನಾನು ತಲೆ ತಗ್ಗಿಸಿ ನಮ್ಮ ಐರಿಶ್ ಭಾಷೇಲಿ ಏನೋ ಗೊಣಗಿದೆ, ಅವಳಿಗೆ ಅರ್ಥ ಆಗಲಿಲ್ಲ. ಆ ಮಹಾರಾಣಿಗೂ ಆಗಲಿಲ್ಲ, ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಳು!

ನಿನಗೆ ಅರ್ಥ ಆಯ್ತು.

ಆಯ್ತು, ಇಲ್ಲ ಅನ್ನಬೇಡ. ಗಾಜಿನ ಆಚೆ ನೀನು ತಲೆ ಎತ್ತಿದ್ದು ಕಂಡಿತು ನನಗೆ. 'ದೇವರು ಅವನ ಮೇಲೆ ಕರುಣೆ ಇಡಲಿ.' ಅಷ್ಟೇ ಅಂದಿದ್ದು. ಥೂ, ಈ ಹಾಳು ಬಾಯಿ! ಸತ್ತೋರ ಹೆಸರು ಎತ್ತಿದ ಕೂಡಲೇ ಆ ಮಾತು ತಾನಾಗೇ ಬರತ್ತೆ, ನಮ್ಮಲ್ಲಿ ಯಾರಿಗೆ ಬರಲ್ಲ ಹೇಳು? ಹೇಳದಿದ್ದರೆ ನಮ್ಮಜ್ಜಿ ಚಮಚದಲ್ಲಿ ಬಾಯಿಗೆ ಬಾರಿಸೋಳು. ಬದುಕಿರೋರಿಗೆ ಮಾತ್ರ ಯಾರೂ ಹೇಳಲ್ಲ. ಹತ್ತೊಂಬತ್ತು ವರ್ಷ ಎಷ್ಟು ಹುಷಾರಾಗಿದ್ದೆ ಗೊತ್ತಾ? ಹೆಸರೇ ಎತ್ತುತ್ತಿರಲಿಲ್ಲ. 'ಆ ಹುಡುಗ' ಅಂತಿದ್ದೆ, 'ಬ್ರೀಜ್ ಮಗ' ಅಂತಿದ್ದೆ. ಇವತ್ತು ಆ ಫೋಟೋ… ಡ್ಯಾನ್ಸಿಗೆ ಹಾಕ್ಕೊಂಡು ಹೋಗ್ತಿದ್ದ ಹಸಿರು ಅಂಗಿ ಕಣೋ ಅದು. ಬಾಯಿ ಜಾರಿತು.

ಈಗ ಕೇಳು. ನೀನು ಆ ಚುಕ್ಕಿ ದಾಟಿಬಿಡು. ಅಷ್ಟೇ ನಾನು ಕೇಳ್ತಿರೋದು. ಸ್ವಲ್ಪ ಉಸಿರೆಳೆದು 'ಇಂಗ್ಲೆಂಡಿಗೆ ಹೋದ' ಅನ್ನು. ನನ್ನ ದನಿ ಹಾಕೋಕೆ ಅವರಿಗೆ ಅಪ್ಪಣೆ ಇಲ್ಲ. ನೀನು ಹೇಳದಿದ್ದರೆ ಆ ಮಾತು ಆಡಿಯೇ ಇಲ್ಲ ನಾನು! ಐದು ವರ್ಷ ಆ ಕಾನೂನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೀನಿ, ಇವತ್ತು ಅದರ ಕಾಲಿಗೆ ಬೀಳ್ತೀನಿ ಬೇಕಾದರೆ.

ಏನು? ಆಗತ್ತೆ ಅನ್ನು, ಇಲ್ಲಾ ಆಗಲ್ಲ ಅನ್ನು.

ನೋಡು, ನನಗೋಸ್ಕರ ಅಲ್ಲ. ಸರ್ಕಾರದ ಜೊತೆ ಮಾತುಕತೆ ಶುರುವಾಗ್ತಿದೆ. ನಿನಗೊಬ್ಬನಿಗೇ ಹೇಳ್ತಿದ್ದೀನಿ, ಬಂದೂಕು ಕೆಳಗಿಡೋ ಮಾತು. ನಮ್ಮ ಹುಡುಗರು ಕೇಳೋದು ಯಾರ ಮಾತನ್ನ? ನನ್ನ ಮಾತನ್ನ. ಇವತ್ತು ನಾನು ಬಿದ್ದರೆ ನಾಳೆ ಇನ್ನೆಷ್ಟು ಹೆಣ ಬೀಳತ್ತೋ ಲೆಕ್ಕ ಹಾಕು… ಹಾಗೆ ನೋಡಬೇಡ. ಹೆದರಿಸ್ತಿಲ್ಲ ನಿನ್ನ. ಸತ್ಯವಾಗಿಯೂ ಹೆದರಿಸ್ತಿಲ್ಲ. ನಾನೇ ಹೆದರಿದ್ದೀನಿ, ಕಾಣಲ್ವಾ?

ಹೋಗಲಿ, ಬ್ರೀಜಮ್ಮನ್ನ ನೆನೆಸ್ಕೋ. ಟೀವಿ ಮುಂದೆ ಕೂತಿರ್ತಾಳೆ ಏಳು ಗಂಟೆಗೆ. ಎಪ್ಪತ್ತಾರು ವಯಸ್ಸು, ಎದೆನೋವು ಬೇರೆ. ಮಗ ಲೀಡ್ಸ್‌ನಲ್ಲಿ ಗಾರೆ ಕೆಲಸ ಮಾಡ್ಕೊಂಡಿದ್ದಾನೆ, ಯಾವತ್ತೋ ಒಂದು ದಿನ ಕಾಗದ ಹಾಕ್ತಾನೆ ಅಂತ ಜೀವ ಹಿಡ್ಕೊಂಡಿದ್ದಾಳೆ. ಪ್ರತಿ ಭಾನುವಾರ, ಬಲಿಪೂಜೆ ಮುಗಿದು ಹೊರಗೆ ಬಂದರೆ ಚರ್ಚಿನ ಮೆಟ್ಟಿಲ ಮೇಲೆ ನಿಂತಿರ್ತಾಳೆ. 'ಮ್ಯಾಲಕಿ, ನಮ್ಮ ಓವನ್ ಸುದ್ದಿ ಏನಾದರೂ ಸಿಕ್ತಾ ಮಗಾ?' ನಾನು, 'ಚೆನ್ನಾಗಿದ್ದಾನಂತೆ ಅಮ್ಮಾ.' ತೋಳು ಸವರ್ತಾಳೆ. ಒಂದು ಭಾನುವಾರ ತಪ್ಪಿಸಿಲ್ಲ ಅವಳು. ಆ ಮುದುಕಿ ಆಸೆ ಮುರೀತೀಯಾ ನೀನು, ನಿನ್ನ ಕೈಯಾರೆ?

ಮುರಿದವನು ನಾನು ಅಂತೀಯ. ನೀನು ಅನ್ನಲಿಲ್ಲ, ಸರಿ, ನಿನ್ನ ಮುಖ ಅಂತಿದೆ.

ನಾನು ಏನೂ ಮಾಡಲಿಲ್ಲ ಫರ್ಗಲ್! ಪ್ರಶ್ನೆ ಕೇಳಿದೆ, ಅಷ್ಟೇ. ಅವನು ಸೈನ್ಯದೋರಿಗೆ ಸುದ್ದಿ ಕೊಡ್ತಾನೆ ಅಂತ ಯಾರೋ ಚಾಡಿ ಹೇಳಿದ್ರು. 'ಅವನು ನಿನ್ನ ಬೀದಿಯೋನು, ನಿನ್ನ ನಂಬ್ತಾನೆ, ನೀನೇ ಮಾತಾಡಿಸು' ಅಂದ್ರು ಸಂಘಟನೆಯೋರು. ಗಡಿ ಆಚೆ, ಬ್ರಿಟಿಷರ ಕೈಗೆ ಸಿಗದ ಕಡೆ, ಒಂದು ತೋಟದ ಮನೆ. ಎರಡು ದಿನ. ಕೈ ಎತ್ತಲಿಲ್ಲ ನಾನು, ಒಂದೇ ಒಂದು ಸಲ ಕೂಡ. ನೀರು ಕೊಟ್ಟೆ. ಹೆಸರು ಹಿಡಿದು ಕರೆದೆ. ಕೊನೆಗೆ, ಹೌದು ಅಂದ. ನಿಜಕ್ಕೂ ಮಾಡಿ ಹೌದು ಅಂದನೋ, ನಿದ್ದೆಗೆ ಬಿಟ್ಟರೆ ಸಾಕು ಅಂತ ಅಂದನೋ, ಇವತ್ತಿಗೂ ಗೊತ್ತಿಲ್ಲ ನನಗೆ. ಆಮೇಲೆ ಬೇರೆಯವರು ಬಂದ್ರು. 'ಮ್ಯಾಲಕಿ, ನನ್ನನ್ನೂ ಕರ್ಕೊಂಡು ಹೋಗೋ' ಅಂದ. ತಾನೂ ಮನೆಗೆ ಹೋಗ್ತೀನಿ ಅಂತ ತಿಳ್ಕೊಂಡಿದ್ದ. ನಾನು ಹೋಗ್ತಿದ್ದೆ, ಅವನು ಇಲ್ಲ… ಎಲ್ಲಿ ಹೂತ್ರು ಅಂತ ಮಾತ್ರ ಕೇಳಬೇಡ. ಅದೊಂದು ಕೇಳಬೇಡ, ನನ್ನ ಕೊಂದುಹಾಕ್ತಾರೆ.

…ಕೇಳಲಿಲ್ಲ ನೀನು.

ತಾಳು. ನೀನು ಏನೂ ಕೇಳಲೇ ಇಲ್ಲವಲ್ಲ? ಆ ಮಾತು ಕಿವಿಗೆ ಬಿದ್ದೋನು ಮೊದಲು ಏನು ಕೇಳಬೇಕು? 'ಅಯ್ಯೋ, ಓವನ್ ಸತ್ತುಹೋದನಾ?' ಅಂತ ಕೇಳಬೇಕು. ಸ್ಕೂಲಲ್ಲಿ ಅವನ ಪಕ್ಕದಲ್ಲಿ ಕೂತೋನು ನೀನು! ಈ ಕೋಣೆಗೆ ಬಂದಾಗಿಂದ ನಾನು ಬಡ್ಕೋತಿದ್ದೀನಿ, ನಿನ್ನ ಮುಖ ಬಿಳುಪೇರಲಿಲ್ಲ, ಕಣ್ಣು ಒದ್ದೆ ಆಗಲಿಲ್ಲ. ನಿನಗೆ ಹೊಸ ಸುದ್ದಿ ಅಲ್ಲ ಇದು. ಯಾವಾಗಿಂದ ಗೊತ್ತು? ಆಗಿಂದಲೇನಾ? ಐದು ವರ್ಷ ನನ್ನ ಮಾತು ಹೇಳ್ತಾ… ಗೊತ್ತಿದ್ದೇ ಹೇಳ್ತಿದ್ದೆಯಾ? ಬೀದಿಯೋರಿಗೆ? ಎಲ್ಲರಿಗೂ?

ಬ್ರೀಜಮ್ಮನಿಗೆ ಗೊತ್ತಿಲ್ಲ ತಾನೆ? ಅವಳಿಗೆ ಗೊತ್ತಿಲ್ಲ. ಇಲ್ಲ ಅನ್ನು. ಬಾಯಿ ಬಿಡಬೇಡ, ತಲೆ ಆಡಿಸು ಸಾಕು. ಫರ್ಗಲ್… ಕಾಗದ ನೋಡಬೇಡ, ನನ್ನ ನೋಡು. ಇಲ್ಲ ಅನ್ನೋ!

ದೇವರೇ.

ಗೊತ್ತಿದ್ದೂ ಕೇಳ್ತಿದ್ದಳಾ? ಮೆಟ್ಟಿಲ ಮೇಲೆ? ಹತ್ತೊಂಬತ್ತು ವರ್ಷ, ಮಳೆ ಅನ್ನದೆ, ಹಿಮ ಅನ್ನದೆ… ಹಾಗಾದರೆ ಅವಳು ಕೇಳ್ತಿದ್ದದ್ದು ಸುದ್ದಿ ಅಲ್ಲ. ಮಗನ್ನ ಎಲ್ಲಿಟ್ಟಿದ್ದೀರಿ ಅಂತ ನಾನಾಗೇ ಹೇಳಲಿ ಅಂತ… ಪ್ರತಿ ವಾರ ನನಗೊಂದು ಅವಕಾಶ ಕೊಡ್ತಿದ್ದಳು. ನಾನು 'ಚೆನ್ನಾಗಿದ್ದಾನಂತೆ ಅಮ್ಮಾ' ಅಂತಿದ್ದೆ. ಹಾಗಂದು, ಮನೆಗೆ ಹೋಗಿ ಊಟ ಮಾಡ್ತಿದ್ದೆ ಕಣೋ ನಾನು. ಹೊಟ್ಟೆ ತುಂಬ.

ಕರೀತಿದ್ದಾರೆ ನಿನ್ನ. ಕೇಳಿಸಿತು, ಹೋಗುವೆಯಂತೆ ಇರು… ಒಂದು ನಿಮಿಷ, ಆ ಬಾಗಿಲು ಬಿಡು! ಚುಕ್ಕಿ ವಿಷಯ ಬಿಟ್ಟೆ, ಏನು ಬೇಕಾದರೂ ಮಾಡ್ಕೋ. ನಾಡಿದ್ದು ಭಾನುವಾರ. ಅವಳು ಬರ್ತಾಳೆ, ತೋಳು ಹಿಡಿದು ಕೇಳ್ತಾಳೆ. ನನಗೆ ಬಾಯಿ ಬರಲ್ಲ ಫರ್ಗಲ್. ಐದು ವರ್ಷ ನನ್ನ ಬದಲು ಮಾತಾಡಿದೋನು ನೀನು… ಅವಳಿಗೆ ಏನು ಹೇಳಲಿ ನಾನು? ಹೇಳಿಕೊಡೋ. ಒಂದೇ ಒಂದು ಮಾತು… ಫರ್ಗಲ್?