ನಾಲ್ಕು ನಿಮಿಷದ ಮಾತು

ನನ್ನನ್ನು ಕಂಡರೆ ದೆವ್ವಗಳೇ ದಾರಿ ಬಿಟ್ಟು ನಿಲ್ಲುತ್ತವೆ, ಆ ಮಾತು ಬೇರೆ. ಇದು ನನ್ನ ಷಡ್ಡಕನಿಗೆ ಆದದ್ದು. ಲಿಫ್ಟ್ ರಿಪೇರಿ ಮಾಡುವವನು. ಆದರೂ ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹತ್ತುವ ಆಸಾಮಿ. ನಾವು ಕರೆಯುವುದೇ ‘ಅವಸರಪ್ಪ’ ಅಂತ.

ಆ ರಾತ್ರಿ ಹನ್ನೆರಡಕ್ಕೆ ಹೊಸ ಫೋನು ಬಿಡುಗಡೆ. ಸಾಲಿನಲ್ಲಿ ಮೊದಲನೆಯವನೇ ಇವನು. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹಳೇ ಬಾವಿಯ ಪಕ್ಕದ ದಾರಿ ಹಿಡಿದ. ಹತ್ತಿರದ ದಾರಿಯಲ್ಲವೇ...

ಹಳೇ ಫೋನು ಅಷ್ಟರಲ್ಲಿ ಬದಲಿಗೆ ಅಂಗಡಿಗೇ ಹೋಗಿತ್ತು. ಅದರಲ್ಲಿ ಹೆಂಡತಿ ಆಸ್ಪತ್ರೆಯಿಂದ ಕಳಿಸಿದ ಕೊನೆಯ ಧ್ವನಿ ಸಂದೇಶವಿತ್ತು. ನಾಲ್ಕು ನಿಮಿಷ. ‘ಇಷ್ಟುದ್ದ ಯಾರು ಕೇಳ್ತಾರೆ, ಆಮೇಲೆ’ ಅಂದಿದ್ದ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ. ಆ ‘ಆಮೇಲೆ’ ಏಳು ತಿಂಗಳಾದರೂ ಬರಲಿಲ್ಲ.

“ಹಳೇದೆಲ್ಲ ಹೊಸದಕ್ಕೆ ತುಂಬೋಕೆ ನಲವತ್ತು ನಿಮಿಷ ಆಗುತ್ತೆ, ಸಾರ್,” ಅಂದಳು ಅಂಗಡಿಯಾಕೆ.

“ನಲವತ್ತಾ? ಅಳಿಸಿಬಿಡಮ್ಮ.”

ಹೊರಗೆ ಬಂದ ಮೇಲೆ ನೆನಪಾಯಿತು. ತಿರುಗಿ ಓಡಿದ.

“ಆಗಲೇ ಅಳಿಸಾಯ್ತು, ಸಾರ್.”

ಅಳು ಬರಲಿಲ್ಲ. ಏನೂ ಬರಲಿಲ್ಲ. ಕಾಲು ಮಾತ್ರ ನಡೆಯುತ್ತಿತ್ತು.

ಬಾವಿಯ ಹತ್ತಿರ... ಟಿಕ್. ಕಂಕುಳಲ್ಲೇ. ಡಬ್ಬಿಯ ಅಂಟುಪಟ್ಟಿ ಇನ್ನೂ ಕಿತ್ತಿರಲಿಲ್ಲ. ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

“ರೀ... ಊಟ ಆಯ್ತಾ?”

ಅವಳೇ.

“ಹೂಂ,” ಅಂದ ಪಿಸುದನಿಯಲ್ಲಿ. ಸುಳ್ಳು.

“ಒಂದು ವಿಷಯ ಹೇಳಬೇಕಿತ್ತು... ಎಲ್ಲಿಂದ ಶುರು ಮಾಡಲಿ ರೀ...”

ಆಸ್ಪತ್ರೆಯ ಆಕ್ಸಿಜನ್ ಬಾಟಲಿಯ ನೀರಿನ ಗುಳುಗುಳು. ಎಳೆದೆಳೆದು ಉಸಿರು. ಮತ್ತೆ ಗುಳುಗುಳು...

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ.

“ಬೇಗ ಹೇಳೇ,” ಅಂದುಬಿಟ್ಟ.

ಅಷ್ಟೇ. ದನಿ ಸಣ್ಣಗಾಯಿತು. ಓಡತೊಡಗಿತು. ಕಿಚಿಕಿಚಿಕಿಚಿ... ಗೋಡೆಯ ತುಂಬ ಹಲ್ಲಿಗಳು ಒಟ್ಟಿಗೆ ಲೊಚಗುಟ್ಟಿದ ಹಾಗೆ. ನಡುವೆ ನಕ್ಕಳೋ, ಅತ್ತಳೋ. ಒಂದಕ್ಷರವೂ ಕೈಗೆ ಸಿಗಲಿಲ್ಲ. ನಾಲ್ಕು ನಿಮಿಷದ ಮಾತು ಎರಡೇ ನಿಮಿಷಕ್ಕೆ ಮುಗಿಯಿತು. ಆಮೇಲೆ... ಟಿಕ್.

“ನಿಧಾನಕ್ಕೇ ಹೇಳು... ಕಾಯ್ತೀನಿ ಕಣೇ.”

ಬಾವಿಕಟ್ಟೆಯ ಮೇಲೆ ಕೂತ. ಐದು ನಿಮಿಷ ಎಲ್ಲೂ ಕೂರದವನು ಬೆಳಗಿನವರೆಗೆ ಕೂತ. ಏನೂ ಕೇಳಿಸಲಿಲ್ಲ.

ಬೆಳಗ್ಗೆ ಆ ಡಬ್ಬಿ ಒಡೆದದ್ದು ನಾನೇ, ಇದೇ ಕೈಯಿಂದ. ಅವನು ಮುಟ್ಟಲಿಲ್ಲ. ಫೋನಿನ ಗಡಿಯಾರ ಎರಡು ನಿಮಿಷ ಮುಂದಿತ್ತು. ನಾನು ತಿದ್ದಿದೆ. ಅಂಗಡಿಯವರೂ ತಿದ್ದಿದರು. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬೊಗಳೆ, ಒಪ್ಪುತ್ತೇನೆ. ಇದಲ್ಲ. ನಿನ್ನೆಯೂ ನೋಡಿ ಬಂದೆ... ಎರಡು ನಿಮಿಷ ಮುಂದೆಯೇ ಇದೆ.